ಬದು ಮುಟ್ಟದ ಗೆರೆ

ಇದೆಲ್ಲ ಹೀಗೆಯೇ ನಡೆಯಿತೆಂದು ಆಣೆ ಮಾಡಲಾರೆ. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮಾಡಿದವನಿಗೆ ಎಲ್ಲಕ್ಕೂ ಸಾಕ್ಷ್ಯ ಬೇಕು. ಆದರೆ ಬೆಳವಣಕಿಯ ನನ್ನ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಗಣಿತಕ್ಕೇ ನೀರು ಕುಡಿಸಿದವಳು ಎಂಬುದಕ್ಕೆ ಸಾಕ್ಷ್ಯವೇಕೆ? ನಾನಿದ್ದೇನಲ್ಲ!

ಅಂಗನವಾಡಿ ಸಹಾಯಕಿಯಾಗಬೇಕೆಂಬುದು ಆಕೆಯ ಹಟ. ಅದಕ್ಕೆ ಹತ್ತನೆಯ ತರಗತಿ ಪಾಸಾಗಬೇಕು. ಗಣಿತವೊಂದು ಬಿಟ್ಟು ಎಲ್ಲ ವಿಷಯಗಳೂ ಮುಗಿದಿದ್ದವು. ವಯಸ್ಸಿನ ಮಿತಿ ದಾಟುವ ಮುನ್ನ ಉಳಿದದ್ದು ಒಂದೇ ಪರೀಕ್ಷೆ. ಕಲಿಸುವ ಶಿಕ್ಷೆ ಯಾರಿಗೆ? ಗಜೇಂದ್ರಗಡದಿಂದ ಭಾನುವಾರಕ್ಕೊಮ್ಮೆ ಬರುವ ನನಗೆ!

ಕಲಿತದ್ದನ್ನು ಆಕೆ ಬಸ್ಯಾನಿಗೆ ಒಪ್ಪಿಸುತ್ತಿದ್ದಳು. ಬಸ್ಯಾ ಮನೆಯ ಮುದಿ ಎತ್ತು. ಅದು ತಲೆಯಾಡಿಸಿದರೆ ಉತ್ತರ ಸರಿ. ನಾನು ತಲೆಯಾಡಿಸಿದರೆ ಅನುಮಾನ!

ಸರಳರೇಖೆಯ ನಕ್ಷೆ ಬಂತು. 2x + 3y = 6.

"y ಸೊನ್ನಿ ಆದ್ರ, ಗೆರಿ x-ಅಕ್ಷಕ್ಕ ಎಲ್ಲಿ ಮುಟ್ಟತೈತಿ?"

"ಮೂರಕ್ಕ."

"x ಸೊನ್ನಿ ಆದ್ರ, y-ಅಕ್ಷಕ್ಕ?"

"ಎರಡಕ್ಕ."

ಸಂತೋಷಕ್ಕೆ ಪೆನ್ಸಿಲ್ಲು, ಸ್ಕೇಲು ಎರಡನ್ನೂ ಆಕೆಯ ಕೈಗಿಟ್ಟೆ. ಆಮೇಲೆ ಆಕೆ ಗೆರೆ ಎಳೆದಳು. ಎರಡೂ ಅಕ್ಷಗಳಿಗೆ ಬೆರಳಗಲ ಮೊದಲೇ ನಿಲ್ಲಿಸಿದಳು!

"ಚಿಗವ್ವಾ, ಪೂರಾ ಎಳಿ!"

"ಹುಚ್ಚಪ್ಪಾ, ಇವೆರಡೂ ಹೊಲದ ಬದು ಅಲ್ಲೇನು? ಬದುವಿನ ತನಕಾ ಸಾಲು ಹೊಡದ್ರ ಎತ್ತು ಎಲ್ಲಿ ಹೊಳ್ಳಬೇಕೋ, ಎಲ್ಲಿ ತಿರುಗಬೇಕೋ?"

"ಇಲ್ಲೆ ಎತ್ತು ಎಲ್ಲೈತಿ?"

"ನಿನಗ ಕಾಣಂಗಿಲ್ಲ ಬಿಡು."

ಗೆರೆ ಅಕ್ಷ ಮುಟ್ಟದಿದ್ದರೆ ಅಂಕವಿಲ್ಲ, ಅಂಕವಿಲ್ಲದಿದ್ದರೆ ಅಂಗನವಾಡಿಯಿಲ್ಲ ಎಂದು ಬೇಡಿದೆ, ಬೈದೆ, ಸ್ಕೇಲು ಮುರಿದೆ. ಪ್ರತಿ ಭಾನುವಾರವೂ ಗೆರೆ ಬಂದು ಬದುವಿನ ಮುಂದೆ ನಿಲ್ಲುತ್ತಿತ್ತು. ದೇವರನ್ನು ನಂಬದ ನನಗೆ ಬೈಯುವುದಕ್ಕಾದರೂ ಒಬ್ಬ ದೇವರು ಬೇಕೆನಿಸಿತು!

ಪರೀಕ್ಷೆಯ ದಿನ ಗಜೇಂದ್ರಗಡದಿಂದ ನೇರ ರೋಣಕ್ಕೆ ಹೋಗಿ ಪರೀಕ್ಷಾ ಕೇಂದ್ರದ ಹೊರಗೆ ಕಾದೆ. ಹೊರಬಂದ ಚಿಗವ್ವನನ್ನು ಕೇಳಿದ್ದು ಒಂದೇ ಮಾತು.

"ಗೆರಿ ಮುಟ್ಟಿಸಿದೇನು?"

"ದಾಟಿಸೇ ಬಿಟ್ನೆಪಾ. ಈಗ ಹೊಳ್ಳಾಕ ಜಾಗಾ ಬಿಡೂದೇನ್ ಬ್ಯಾಡ."

ಅಬ್ಬಾ, ಕೊನೆಗೂ ನನ್ನ ಪಾಠ ನಾಟಿತು ಎಂದು ಬೀಗಿದೆ. ಆಕೆ ಪಾಸಾದಳು, ಇಂದು ಅಂಗನವಾಡಿಯ ಮಕ್ಕಳಿಗೆ ಉಣಬಡಿಸುತ್ತಾಳೆ. ಆದರೆ ಆ ಮಾತು ಹೇಳುವಾಗ ಆಕೆ ನಕ್ಕಿದ್ದಳೇ, ಸೆರಗಿನಿಂದ ಒರೆಸಿಕೊಂಡದ್ದು ಬೆವರನ್ನೇ? ಎಷ್ಟು ನೆನೆದರೂ ತಿಳಿಯುತ್ತಿಲ್ಲ.

ಮೊನ್ನೆ ಕಾಕಾನನ್ನು ಕೇಳಿ ಒಂದನ್ನು ಮಾತ್ರ ಖಚಿತಪಡಿಸಿಕೊಂಡೆ. ಬಸ್ಯಾ ಸತ್ತದ್ದು ಆ ಪರೀಕ್ಷೆಯ ಹಿಂದಿನ ದಿನ.