ತಬಲಾ ತೆಗೆದುಕೊಡ್ರಿ

ಎಂಬತ್ತರ ದಶಕದಲ್ಲಿ ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಎದುರು ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಖಾಲಿ ಕ್ಯಾಸೆಟ್ ತಂದವರಿಗೆ ಹಾಡು ತುಂಬಿಕೊಡುವುದು ನನ್ನ ಕೆಲಸ. ಬೋರ್ಡಿನ ಮೇಲೂ ಹಾಗೇ ಬರೆಸಿದ್ದೆ. ಆದರೆ ನನ್ನ ನಸೀಬಿಗೆ, ತುಂಬಿದ್ದನ್ನು ತೆಗೆದುಕೊಡಿ ಅನ್ನುವವರೇ ಬಂದು ವಕ್ಕರಿಸುತ್ತಿದ್ದರು.

ಉಪ್ಪು ಹೆಚ್ಚಾದ ಸಾರು

ಉಜ್ಜಿನಿ ಕಡೆಯ ಭಜನಾ ಮೇಳದವರು ನನ್ನ ಅಂಗಡಿಯಲ್ಲೇ ಕೂತು ಹಾಡಿ, ಒಂದು ಕ್ಯಾಸೆಟ್ ಮಾಡಿಸಿಕೊಂಡು ಹೋಗಿದ್ದರು. ಸ್ವಲ್ಪ ದಿನಕ್ಕೆ ಹಾರ್ಮೋನಿಯಂ ಮಾಸ್ತರು ಒಬ್ಬರೇ ಬಂದರು. ತಬಲಾ ಬಾರಿಸಿದವನು ಅವರ ಖಾಸಾ ಬೀಗ. ಹೊಲದ ಬದುವಿನ ಸಲುವಾಗಿ ಇಬ್ಬರಿಗೂ ಮಾತು ಬಿಟ್ಟಿತ್ತು.

"ಇದರಾಗಿಂದ ತಬಲಾ ತೆಗೆದುಕೊಡ್ರಿ," ಅಂದರು. "ಅವನ ಮಾರಿ ನೋಡಂಗಿಲ್ಲ ಅಂತ ಆಣಿ ಮಾಡೀನಿ. ಕ್ಯಾಸೆಟ್ ಹಾಕಿದ್ರ ನಮ್ಮ ಮನಿಯಾಗ ಬಂದು ಕುಂತು ಬಡೀತಾನ."

"ಎಲ್ಲಾ ಕೂಡಿ ಒಂದ ಟೇಪಿನಾಗ ಕುಂತ ಮ್ಯಾಲೆ ಬಿಡಿಸಾಕ ಬರಂಗಿಲ್ರಿ ಮಾಸ್ತರ್ರೇ. ಸಾರಿನಾಗ ಕರಗಿದ ಉಪ್ಪು ತೆಗಿಯಾಕ ಆಕ್ಕತೇನ್ರಿ?" ಅಂದೆ.

ಅವರು ಗಂಭೀರವಾಗಿ ಯೋಚನೆ ಮಾಡಿದರು.

"ಉಪ್ಪು ಹೆಚ್ಚಾದ್ರ ನಮ್ಮ ಮನಿಯಾಗ ಆಲೂಗಡ್ಡಿ ಹಾಕ್ತಾರ. ಇದಕ್ಕೇನು ಹಾಕ್ಬೇಕು ಹೇಳ್ರಿ, ತರ್ತೀನಿ."

ನಮ್ಮ ಮನಿಯವರು

ಕಾನಹೊಸಹಳ್ಳಿಯಿಂದ ವಯಸ್ಸಾದ ಅಮ್ಮ ಒಬ್ಬರು ಬಂದರು. ಅವರ ಗಂಡ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರಂತೆ. ತೀರಿಕೊಂಡು ವರ್ಷವಾಗಿತ್ತು. ಯಾವುದೋ ಮದುವೆಯಲ್ಲಿ ಆ ಬ್ಯಾಂಡಿನವರು ಬಾರಿಸಿದ್ದನ್ನು ಹೆಣ್ಣಿನ ಕಡೆಯವರು ಟೇಪ್ ಮಾಡಿದ್ದರು. ಅದನ್ನು ಈಕೆ ಕಾಡಿ ಬೇಡಿ ತಂದಿದ್ದರು.

"ಯಪ್ಪಾ, ಇದರಾಗ ನಾಕು ಮಂದಿ ಊದ್ಯಾರ. ನಮ್ಮ ಮನಿಯವರದೊಂದು ಬಿಡಿಸಿಕೊಡು."

ಆಗಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಸ್ಟೂಲಿನ ಮೇಲೆ ಕೂಡಿಸಿ ಕ್ಯಾಸೆಟ್ ಹಾಕಿದೆ. ಡ್ರಮ್ಮು, ಮಕ್ಕಳ ಗದ್ದಲ, ಯಾರೋ ಯಾರನ್ನೋ ಊಟಕ್ಕೆ ಕರೆಯುವುದು, ಅದರ ನಡುವೆ ನಾಕು ಕ್ಲಾರಿನೆಟ್. ನನ್ನ ಕಿವಿಗೆ ನಾಕೂ ಒಂದೇ. ಕಣ್ಣು ಮುಚ್ಚಿ ಕೇಳುತ್ತಿದ್ದ ಆಕೆ ಒಮ್ಮೆಗೇ ನನ್ನ ಕೈ ಹಿಡಿದರು.

"ಹಾಂ! ಇಲ್ಲಿ ಅದಾರ ನೋಡು!"

ಒಂದು ಕ್ಲಾರಿನೆಟ್ ದಾರಿ ತಪ್ಪಿ, ಕಿರ್ ಎಂದು ಕೂಗಿ, ಮತ್ತೆ ಬಂದು ಗುಂಪಿಗೆ ಸೇರಿಕೊಂಡಿತು.

"ತಪ್ಪು ಊದಿದ್ರಲ್ಲ, ಅವರೇ ನಮ್ಮ ಮನಿಯವರು."

ಅದೇ ಜಾಗವನ್ನು ತಿರುತಿರುಗಿ ಹಾಕಿಸಿಕೊಂಡು ಕೇಳಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಏನೋ ಹೇಳಲು ಹೋದರೆ ಅವರೇ ತಡೆದರು.

"ಉಳಿದೋರನ್ನ ತೆಗಿಬ್ಯಾಡ, ಇರ್ಲಿ ಬಿಡು. ಅವರು ಸರಿಯಾಗಿ ಊದಿದ್ರನ ಇವರ್ದು ಗೊತ್ತಾಗೋದು."

ನಿಜವಾದ ಧ್ವನಿ

ಹರಪನಹಳ್ಳಿ ಕಡೆಯ ಹೆಡ್‌ಮಾಸ್ತರೊಬ್ಬರಿಗೆ ಸಿನಿಮಾ ಹಾಡೊಂದರಿಂದ ಗಾಯಕನನ್ನು ತೆಗೆದು ವಾದ್ಯ ಮಾತ್ರ ಉಳಿಸಿಕೊಡಬೇಕಿತ್ತು. ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಆ ವಾದ್ಯಕ್ಕೆ ತಾವೇ ಹಾಡುವವರಿದ್ದರು. ಮೇಲಧಿಕಾರಿಗಳು ಮುಖ್ಯ ಅತಿಥಿ. ಮಾವನ ಮನೆಯವರಿಗೂ ಹೇಳಿಯಾಗಿತ್ತು.

ಆಗುವುದಿಲ್ಲ ಎಂದು ಕಳಿಸಿದ್ದೆ. ಅದಾದ ಮೇಲೆ ನನ್ನ ಟೇಪ್‌ರೆಕಾರ್ಡರಿನಿಂದ ಆಂಪ್ಲಿಫೈಯರಿಗೆ ಹೋಗುವ ವೈರಿನೊಳಗೆ ಒಂದು ಎಳೆ ಕಿತ್ತುಹೋಯಿತು. ಅದೇ ಹಾಡು ಹಾಕಿದರೆ ಗಾಯಕ ಮಾಯ, ವಾದ್ಯಗಳೆಲ್ಲಾ ಹಾಗೇ ಇವೆ! ಯಾಕೆಂದು ನನಗೆ ತಿಳಿಯಲಿಲ್ಲ. ತಿಳಿದವನ ಹಾಗೆ ಹೆಡ್‌ಮಾಸ್ತರಿಗೆ ಹೇಳಿ ಕಳಿಸಿದೆ. ಗ್ಯಾದರಿಂಗಿನ ದಿನ ಕಿತ್ತ ವೈರನ್ನು ಹಸುಗೂಸಿನಂತೆ ಎತ್ತಿಕೊಂಡು ಹೋದೆ.

ಮೊದಲನೇ ಚರಣ ಹೆಡ್‌ಮಾಸ್ತರು ಸ್ವಂತ ದನಿಯಲ್ಲೇ ಹಾಡಿದರು. ಜನ ತಲೆ ತಗ್ಗಿಸಿ ಕೂತಿದ್ದರು. ಅವರ ಮಾವ ಕಾಲಲ್ಲೇ ಚಪ್ಪಲಿ ಹುಡುಕತೊಡಗಿದ್ದರು. ಎರಡನೇ ಚರಣದ ಹೊತ್ತಿಗೆ, ಅತಿಥಿಗಳಿಗೆ ಹಾರ ಹಿಡಿದು ಬಂದ ಜವಾನ ಸರಿಯಾಗಿ ವೈರ್ ತುಳಿದು ನಿಂತ. ಕಿತ್ತ ಎಳೆ ಕೂಡಿಕೊಂಡಿತು. ಹೆಡ್‌ಮಾಸ್ತರು ಬಾಯಿ ತೆಗೆದರು, ಸಿನಿಮಾ ಗಾಯಕನ ದನಿ ಬಂತು. ಅವರಿಗೂ ಒಂದು ಗಳಿಗೆ ದಿಗಿಲಾಯಿತು. ಆದರೆ ಬಾಯಿ ಮುಚ್ಚಲಿಲ್ಲ. ಮೈಕನ್ನು ಮೆಲ್ಲಗೆ ಅತ್ತ ಸರಿಸಿ, ಕೊನೆಯವರೆಗೆ ತುಟಿ ಆಡಿಸಿದರು. ಚಪ್ಪಾಳೆಯೋ ಚಪ್ಪಾಳೆ. ಮಾವ ಎದ್ದು ನಿಂತೇ ತಟ್ಟಿದರು.

ಮುಖ್ಯ ಅತಿಥಿಗಳು ಭಾಷಣದಲ್ಲಿ, "ಶುರುವಿನಾಗ ನಮ್ಮ ಹೆಡ್‌ಮಾಸ್ತರು ಸ್ವಲ್ಪ ಅಂಜಿದ್ರು. ಆಮೇಲೆ ಅವರ ನಿಜವಾದ ಧ್ವನಿ ಬಂತು ನೋಡ್ರಿ," ಅಂದರು.

ನಾನು ಸ್ಟೇಜಿನ ಹಿಂದೆ ವೈರ್ ಸುತ್ತುತ್ತಿದ್ದೆ. ಹೆಡ್‌ಮಾಸ್ತರು ನೆಟ್ಟಗೆ ನನ್ನ ಕಡೆಗೇ ಬಂದರು. ಬೈಸಿಕೊಳ್ಳಲು ತಯಾರಾಗಿ ನಿಂತೆ. ಅವರು ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದರು:

"ಬರೋ ವರ್ಷ ಆ ಜವಾನ್ನ ಮೊದಲನೇ ಚರಣದಿಂದಾನೇ ವೈರ್ ಮ್ಯಾಲೆ ನಿಲ್ಲಿಸ್ರಿ."