‘ವಾಢ ಕಮೀ’ ಎಂಬುದನ್ನು ‘ಕಡಿಮೆ ಬಡಿಸು’ ಎಂದು ತಿಳಿಯತಕ್ಕದ್ದಲ್ಲ

ಎತ್ತರ ಖಾತೆ (ಅಡುಗೆಮನೆ ಉಪವಿಭಾಗ)
ಬಿಡಾರ: ವಳಸಂಗ, ಸೋಲಾಪುರ ಜಿಲ್ಲೆ

ಕ್ರಮಾಂಕ: ಎತ್ತರ/ಗೇಣು/ಅರ್ಧ ಇಂಚು/೧೯೭೪
ದಿನಾಂಕ: ೧೫ ಜುಲೈ ೧೯೭೪, ಸೋಮವಾರ

ವಿಷಯ: ಒಂದು ವರ್ಷದಲ್ಲಿ ಅರ್ಧ ಇಂಚು ಮಾತ್ರ ಬೆಳೆದ ಕುಮಾರಿ ಶಾರದಾ, ವಯಸ್ಸು ಎಂಟು, ಇವಳ ಎತ್ತರ ಹಾಗೂ ಇವಳ ತಾಟಿನಿಂದ ಕಾಣೆಯಾದ ರೊಟ್ಟಿಯ ಕುರಿತು.

ಉಲ್ಲೇಖ: (ಅ) ಶಾಲೆಗೆ ಬಂದಿದ್ದ ನರ್ಸಬಾಯಿಯವರ ಮರಾಠಿ ಚೀಟಿ. (ಆ) ಅಜ್ಜಿ ಸೋನಾಬಾಯಿಯವರ ಮೌಖಿಕ ಹೇಳಿಕೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನೀಡಿದ್ದು.

ಪ್ರಸ್ತಾವನೆ:

ಕಳೆದ ತಿಂಗಳು ಶಾಲೆಯಲ್ಲಿ ಮಕ್ಕಳ ಎತ್ತರ ಅಳೆದ ನರ್ಸಬಾಯಿಯವರು ಶಾರದಾಳ ಕೈಯಲ್ಲಿ ‘ವಾಢ ಕಮೀ’ ಎಂದು ಬರೆದ ಚೀಟಿಯೊಂದನ್ನು ಮನೆಗೆ ಕಳಿಸಿದ್ದು ಸರಿಯಷ್ಟೆ. ಮರಾಠಿಯಲ್ಲಿ ‘ವಾಢ’ ಎಂದರೆ ಬೆಳವಣಿಗೆ. ‘ವಾಢ’ ಎಂದರೆ ‘ಬಡಿಸು’ ಎಂದೂ ಹೌದು. ದಿನಾಲು ಸೋಲಾಪುರದ ಗಿರಣಿಗೆ ಹೋಗಿಬರುವ ನೆರೆಮನೆಯ ತುಕಾರಾಮನು ಒಂದು ಕಾಲನ್ನು ಸೈಕಲ್ಲಿನ ಪೆಡಲಿನ ಮೇಲಿಟ್ಟುಕೊಂಡೇ ಚೀಟಿಯನ್ನು ಓದಿಹೇಳಿದನು. ಅರ್ಥ ಹೇಳಲು ನಿಲ್ಲಲಿಲ್ಲ. ಸೋನಾಬಾಯಿಯವರ ಮರಾಠಿಯಾದರೋ ಅಕ್ಕಲಕೋಟೆಯ ಊಟದ ಪಂಕ್ತಿಗಳಲ್ಲಿ ಕಲಿತದ್ದು. ಅಲ್ಲಿ ‘ವಾಢ’ ಎಂದರೆ ಸೌಟು ಹಿಡಿದವರು ತಿರುಗಿ ನೋಡುತ್ತಾರೆಯೇ ಹೊರತು ಯಾರೂ ಎತ್ತರವಾಗುವುದಿಲ್ಲ. ಹೀಗಾಗಿ ಅವರು ಚೀಟಿಯನ್ನು ಸರ್ಕಾರದ ಹುಕುಂ ಎಂದೇ ತಿಳಿದು, ಎದೆ ಕಲ್ಲು ಮಾಡಿಕೊಂಡು, ಮೊಮ್ಮಗಳ ಎರಡು ರೊಟ್ಟಿಯನ್ನು ಒಂದಕ್ಕೆ ಇಳಿಸಿದರು. “ಸರ್ಕಾರ ಹೇಳೇತಿ, ನಾ ಏನ್ ಮಾಡ್ಲಿ ನನ್ನವ್ವ?” ಎಂದು ಪ್ರತಿ ಊಟಕ್ಕೂ ಅವರು ಕೇಳಿದ್ದಾಗಿಯೂ, ಕೇಳಿದ ಮೇಲೆ ತಾವೂ ಒಂದೇ ರೊಟ್ಟಿ ಉಂಡಿದ್ದಾಗಿಯೂ ತಿಳಿದುಬಂದಿದೆ.

ಇಪ್ಪತ್ತೊಂದು ದಿನಗಳ ನಂತರ ಕುಮಾರಿಯು ತನ್ನ ಮೂರನೆಯ ಇಯತ್ತೆಯ ಮರಾಠಿ ಪುಸ್ತಕವನ್ನು ತಂದು ಅಜ್ಜಿಯ ಮುಂದೆ ಹಿಡಿದು, “ಆಯಿ, ವಾಢ ಅಂದ್ರ ಬೆಳಿಯೂದು. ಇಲ್ಲಿ ಗಿಡದ ವಾಢ ಅಂತ ಬರದಾರ. ಗಿಡಕ್ಕ ಯಾರರೆ ರೊಟ್ಟಿ ಬಡಸ್ತಾರೇನು?” ಎಂದು ಕೇಳಿದ್ದರಿಂದ ಸತ್ಯ ಬಯಲಾಯಿತು.

ಮರಾಠಿಯಿಂದ ಈಗಾಗಲೇ ಆಗಿರುವ ಅನರ್ಥವನ್ನು ಗಮನಿಸಿ, ಈ ಸುತ್ತೋಲೆಯನ್ನು ಕನ್ನಡದಲ್ಲಿ ಹೊರಡಿಸಿ ಈ ಕೆಳಗಿನಂತೆ ಸೂಚಿಸಲಾಗಿದೆ:

೧. ಎರಡನೆಯ ರೊಟ್ಟಿಯನ್ನು, ಶೇಂಗಾ ಹಿಂಡಿ ಹಾಗೂ ಮೊಸರಿನೊಂದಿಗೆ, ತತ್‌ಕ್ಷಣದಿಂದ ಮರುನೇಮಕ ಮಾಡಲಾಗಿದೆ. ಆದರೆ ಇಪ್ಪತ್ತೊಂದು ದಿನದ ರೊಟ್ಟಿಯನ್ನು ಒಂದೇ ಊಟದಲ್ಲಿ ತೀರಿಸುವಂತಿಲ್ಲ. ಮೊನ್ನೆ ಅಂಥ ಯತ್ನ ನಡೆದು, ಕುಮಾರಿಯು ಹೊಟ್ಟೆ ಹಿಡಿದುಕೊಂಡು ಕುಳಿತ ಬಗ್ಗೆ ವರದಿ ಬಂದಿದೆ.

೨. ಬೆಳವಣಿಗೆ ನಿಧಾನವಾದ ಮೇಲೆ ಚೀಟಿ ಬಂದಿದೆ. ಚೀಟಿ ಬಂದ ಮೇಲೆ ರೊಟ್ಟಿ ಕಡಿಮೆಯಾಗಿದೆ. ಈ ಅನುಕ್ರಮವನ್ನು ಪರಿಶೀಲಿಸಲಾಗಿ, ಹೋದ ವರ್ಷದ ಎತ್ತರಕ್ಕೆ ಈ ತಿಂಗಳ ರೊಟ್ಟಿ ಹೊಣೆಯಲ್ಲವೆಂದು ಸ್ಪಷ್ಟವಾಗಿದೆ. ಆದ್ದರಿಂದ ಸೋನಾಬಾಯಿಯವರು ಕಟ್ಟೆಯ ಮೇಲೆ ಕುಳಿತು, ಹೋಗಿಬರುವವರಿಗೆಲ್ಲ “ನಾನ ಕೂಸಿನ್ನ ಗಿಡ್ಡ ಮಾಡಿದೆನಲ್ಲೋ ಯಪ್ಪಾ” ಎಂದು ಹೇಳುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಮನಸ್ಸಿನಲ್ಲಿ ಹೇಳಿಕೊಳ್ಳುವುದಕ್ಕೂ ಇದು ಅನ್ವಯಿಸುತ್ತದೆ.

೩. ಮಲಗಿದ ಕೂಸನ್ನು ದಾಟಿದರೆ ಅದು ಬೆಳೆಯುವುದಿಲ್ಲ, ದಾಟಿದವರೇ ತಿರುಗಿ ದಾಟಿದರೆ ದೋಷ ಹೋಗುತ್ತದೆ ಎಂಬ ನಂಬಿಕೆಯ ಪ್ರಕಾರ, ಕಾಕಾ ಬಂಡೆಪ್ಪನವರನ್ನು ಒಂದೇ ದಿನ ನಾಲ್ಕು ಸಲ ತಿರುಗಿ ದಾಟಿಸಲಾಗಿದೆ. ಇನ್ನು ಸಾಕು. ಬೆಕ್ಕು ಎಷ್ಟು ಸಲ ದಾಟಿತೆಂಬುದನ್ನು ಯಾರೂ ನೋಡಿಲ್ಲವಾದ್ದರಿಂದ ಅದಕ್ಕೆ ನೋಟೀಸು ಕಳಿಸುವ ಪ್ರಸ್ತಾಪವನ್ನು ಕೈಬಿಡಲಾಗಿದೆ.

೪. ಬೇವಿನ ಟೊಂಗೆಗೆ ಜೋತುಬಿದ್ದರೆ ಎತ್ತರವಾಗುತ್ತಾರೆಂಬ ಸದರಿ ಬಂಡೆಪ್ಪನವರ ಪ್ರಯೋಗದಲ್ಲಿ ಬೆಳೆದದ್ದು ಟೊಂಗೆ ಮಾತ್ರ. ಅದು ಒಂದು ಗೇಣು ಕೆಳಗೆ ಬಂದಿದೆ. ಪ್ರಯೋಗವನ್ನು ರದ್ದುಪಡಿಸಲಾಗಿದೆ.

೫. ಅಳೆಯುವಾಗ ಹಿಮ್ಮಡಿ ಗೋಡೆಗೆ ತಾಗಿರತಕ್ಕದ್ದು. ನೆತ್ತಿಯ ಮೇಲೆ ಪಾಟಿಯನ್ನು ಸಮವಾಗಿಟ್ಟು ಇದ್ದಲಿಯಿಂದ ಗೆರೆ ಎಳೆಯತಕ್ಕದ್ದು. ಜಡೆ, ಅಬ್ಬಲಿಗೆಯ ದಂಡೆ ಹಾಗೂ ಅಜ್ಜಿಯ ಪ್ರೀತಿಯನ್ನು ಎತ್ತರದಲ್ಲಿ ಹಿಡಿಯುವಂತಿಲ್ಲ. ತುದಿಗಾಲಲ್ಲಿ ನಿಲ್ಲುವುದನ್ನು ಖೋಟಾ ದಾಖಲೆಯೆಂದು ಪರಿಗಣಿಸಲಾಗುವುದು. ದಿನಾ ಅಳೆದರೆ ಗೋಡೆ ಕರಿಯಾಗುವುದಲ್ಲದೆ ಬೇರೇನೂ ಆಗುವುದಿಲ್ಲ. ಆರು ತಿಂಗಳಿಗೊಮ್ಮೆ ಸಾಕು.

೬. ದಿನಕ್ಕೊಂದು ಗೇಣು ಬೆಳೆಯುವ ರಾಜಕುಮಾರಿಯ ಕಥೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯಲಾಗಿದೆ. ಆ ಕಥೆ ಕೇಳಿದ ಕುಮಾರಿಯು ಬೆಳಗಾಗುತ್ತಲೇ “ಆಯಿ, ನಾ ಎಷ್ಟ ಗೇಣು ಆದ್ನಿ?” ಎಂದು ಕೇಳುತ್ತಿದ್ದು, ಕಥೆ ಹೇಳಿದ ಅಜ್ಜಿಯು ರೊಟ್ಟಿ ಸೀದಿತೆಂದು ಒಲೆಯ ಕಡೆಗೆ ಎದ್ದುಹೋಗುತ್ತಿರುವುದು ಖಾತೆಯ ಗಮನಕ್ಕೆ ಬಂದಿದೆ. ಇನ್ನು ಮುಂದೆ ರಾಜಕುಮಾರಿಯು ವರ್ಷಕ್ಕೆ ಎರಡು ಇಂಚಿನಂತೆ ಬೆಳೆಯತಕ್ಕದ್ದು. ರಾಕ್ಷಸನು ಅಲ್ಲಿಯವರೆಗೆ ಕಾಯತಕ್ಕದ್ದು.

೭. ತಂದೆ ನಿಂಗಣ್ಣನವರು “ನಮ್ಮ ಮನಿತನಾನ ಗಿಡ್ಡ. ನಾ ಏನ್ ತಾಡಿನ ಗಿಡ ಆಗೇನೇನು? ಸುಮ್ನ ದವಾಖಾನಿ ಯಾಕ?” ಎಂದು ತಕರಾರು ಸಲ್ಲಿಸಿದ್ದರು. ಸೋನಾಬಾಯಿಯವರು ಮಗನ ಕೈಹಿಡಿದು, ಕುಮಾರಿಯ ವರ್ಷವರ್ಷದ ಗೆರೆಗಳಿದ್ದ ಗೋಡೆಯ ಬಳಿಗೆ ಒಯ್ದರು. ಐದನೆಯ ವಯಸ್ಸಿನಿಂದ ಆರಕ್ಕೆ ಎರಡೂವರೆ ಇಂಚು. ಆರರಿಂದ ಏಳಕ್ಕೆ ಎರಡೂಕಾಲು. ಏಳರಿಂದ ಎಂಟಕ್ಕೆ, ಎರಡು ಗೆರೆಗಳ ನಡುವೆ ಅವರ ಕಿರುಬೆರಳು ಹಿಡಿಸಿತು, ಅಷ್ಟೆ. “ಗಿಡ್ಡ ಇರೂದು ಬ್ಯಾರೆ, ನಿಂಗಾ. ಬೆಳಿಯಾಕತ್ತಿದ್ದು ನಿಂದರೂದು ಬ್ಯಾರೆ. ನೀ ಗಿಡ್ಡ ಇದ್ದರೂ ವರ್ಷಾ ವರ್ಷಾ ನಿನ್ನ ಅಂಗಿ ಸಣ್ಣ ಆಗತಿತ್ತು. ಈಕಿದು ಹ್ವಾದ ವರ್ಷ ಹೊಲಿಸಿದ ಲಂಗ ಇನ್ನೂ ಹಿಮ್ಮಡಿ ಮುಚ್ಚತೈತಿ” ಎಂಬ ಅವರ ಹೇಳಿಕೆಯನ್ನು ಈ ಖಾತೆಯು ಯಥಾವತ್ತಾಗಿ ಅಂಗೀಕರಿಸಿ ನಿಯಮವನ್ನಾಗಿ ಮಾಡಿದೆ. ನಿಂಗಣ್ಣನವರು ಆ ಕಿರುಬೆರಳಿನಷ್ಟು ಜಾಗದಲ್ಲಿ ತಮ್ಮ ಬೆರಳನ್ನೂ ಇಟ್ಟು ನೋಡಿ, “ಬುಧವಾರ ನಾನ ಕರಕೊಂಡು ಹೋಗ್ತೀನಿ ಬಿಡವಾ” ಎಂದಿದ್ದಾರೆ. ತಕರಾರು ವಜಾ.

೮. ಬುಧವಾರದ ಮೊದಲ ಬಸ್ಸಿಗೆ ಕುಮಾರಿ, ತಂದೆ, ಅಜ್ಜಿ ಮೂವರೂ ಸೋಲಾಪುರದ ದವಾಖಾನೆಗೆ ಹೊರಡತಕ್ಕದ್ದು. ಗೋಡೆಯನ್ನು ಬಸ್ಸಿನಲ್ಲಿ ಒಯ್ಯಲು ಕಂಡಕ್ಟರರು ಒಪ್ಪುವುದಿಲ್ಲವಾದ್ದರಿಂದ, ಗೆರೆಗಳ ಅಳತೆಯನ್ನು ಹಾಳೆಗಿಳಿಸಿ ಒಯ್ಯಬೇಕು. ಹಸಿವು ಹೇಗಿದೆ, ದಣಿವು, ಹೊಟ್ಟೆನೋವು, ಮಲಬದ್ಧತೆ ಇದೆಯೇ, ಚಳಿ ಹೆಚ್ಚಾಗುತ್ತದೆಯೇ ಎಂಬುದನ್ನು ಡಾಕ್ಟರರು ಕೇಳಿದಾಗ ಕುಮಾರಿಯೇ ಉತ್ತರಿಸತಕ್ಕದ್ದು. ಉಳಿದಿಬ್ಬರೂ ಒಟ್ಟಿಗೆ ಮಾತಾಡುವಂತಿಲ್ಲ. ಡಾಕ್ಟರರು ಮರಾಠಿಯಲ್ಲಿ ಏನೇ ಹೇಳಿದರೂ, ಮನೆಗೆ ಬಂದು ಪಾಲಿಸುವ ಮೊದಲು ಅದರ ಅರ್ಥವನ್ನು ಎರಡು ಸಲ ಕೇಳತಕ್ಕದ್ದು.

(ಸಹಿ/-)
ಅಪರ ಉಪ ಎತ್ತರಾಧಿಕಾರಿ
(ಸ್ವಂತ ಎತ್ತರ ನಮೂದಿಸಲು ನಿರಾಕರಿಸಿದ್ದಾರೆ)

ಪ್ರತಿಗಳು:

೧. ಶ್ರೀ ತುಕಾರಾಮ, ಗಿರಣಿ ಕಾರ್ಮಿಕರು: ಎರಡೂ ಕಾಲು ನೆಲಕ್ಕಿಟ್ಟು ಓದತಕ್ಕದ್ದು.
೨. ನರ್ಸಬಾಯಿಯವರು: ಮುಂದಿನ ಚೀಟಿಯಲ್ಲಿ ದಯಮಾಡಿ ಇನ್ನೊಂದು ಶಬ್ದ ಹೆಚ್ಚು ಬರೆಯಲು ವಿನಂತಿ.
೩. ಶ್ರೀ ಬಂಡೆಪ್ಪ: ಬೇವಿನ ಗಿಡದ ಮುಖಾಂತರ.
೪. ಶ್ರೀಮತಿ ಸೋನಾಬಾಯಿ: ನಿಂಗಣ್ಣನವರು ಅರ್ಥಸಹಿತ ಓದಿಹೇಳತಕ್ಕದ್ದು. ಎರಡನೆಯ ಕಲಮನ್ನು ಮೂರು ಸಲ.
೫. ಕುಮಾರಿ ಶಾರದಾ: ಅವಳ ಪ್ರತಿಯನ್ನು ಗೋಡೆಗೆ ಅವಳ ಕಣ್ಣಿನ ಮಟ್ಟದಲ್ಲಿ ಅಂಟಿಸತಕ್ಕದ್ದು. ನೋಡಲು ಅವಳು ಬಗ್ಗಬೇಕಾಗಿ ಬಂದ ದಿನ ಕಿತ್ತು ಮೇಲಕ್ಕೆ ಅಂಟಿಸತಕ್ಕದ್ದು. ಎಷ್ಟು ಸಲ ಅಂಟಿಸಿದರೂ ಗೋಂದನ್ನು ಈ ಖಾತೆಯೇ ಪೂರೈಸುವುದು.