ಹುಳದ ಮನೆಯ ಸಂಗೀತ

ನಮ್ಮ ಸೋದರಮಾವನ ಬಾಯಿಂದ 'ಸರಿ' ಎಂಬ ಮಾತು ಹೊರಟಿದ್ದನ್ನು ಕೇಳಿದವರು ಯಾರಾದರೂ ಇದ್ದರೆ ಮುಂದೆ ಬರಲಿ, ನಾನೇ ಹಾರ ಹಾಕುತ್ತೇನೆ. ನಮ್ಮಮ್ಮ ಅವನ ಸ್ವಂತ ಅಕ್ಕ, ಎತ್ತಿ ಆಡಿಸಿ ಬೆಳೆಸಿದವಳು. ಅವಳು "ಸಾರು ಹೆಂಗಿದ್ಯೋ?" ಎಂದು ಕೇಳಿದರೆ, "ಹುಳಿ ಒಂದ್ಚೂರು ಮೇಲೆ ಹತ್ತಿದೆ ಅಕ್ಕ" ಎನ್ನುತ್ತಿದ್ದ. ಕರಿಬೇವು ಮಾರುವ ಮುದುಕಿಯನ್ನು ಬೀದಿಯಲ್ಲಿ ನಿಲ್ಲಿಸಿ, ಅವಳ ಕೂಗು ಕೊನೆಯಲ್ಲಿ ಶ್ರುತಿ ಬಿಡುತ್ತದೆಂದು ತಿದ್ದಿದ. ಪಾಪ, ಅವಳು ನಮ್ಮ ಬೀದಿಯನ್ನೇ ಬಿಟ್ಟಳು. ಆಮೇಲೆ ಒಗ್ಗರಣೆಗೆ ಕರಿಬೇವು ಬೇಕೆಂದರೆ ನಾನು ಪೇಟೆಯವರೆಗೂ ಓಡಬೇಕಾಗುತ್ತಿತ್ತು.

ಇಂಥವನಿಗೆ ಯಾವ ಕೆಲಸ ಸಿಗಬೇಕು ಹೇಳಿ? ಮಕ್ಕಳಿಗೆ ಸಂಗೀತ ಕಲಿಸುವ ಕೆಲಸ! ಐವತ್ತರ ದಶಕದ ಮಾತು. ಶಿಡ್ಲಘಟ್ಟದ ಒಂದು ಮಿಡ್ಲ್ ಸ್ಕೂಲಿನಲ್ಲಿ ಮಾವ ಸಂಗೀತದ ಮೇಷ್ಟ್ರು, ನಾನು ಅಲ್ಲೇ ಆರನೇ ಕ್ಲಾಸು. ಬೇರೆ ಮೇಷ್ಟ್ರುಗಳಾಗಿದ್ದರೆ ನಾಲ್ಕು ಹಾಡು ಹೇಳಿಕೊಟ್ಟು, ಸ್ಕೂಲ್ ಡೇಗೆ ಕಿರುಚಿಸಿ, ಚಪ್ಪಾಳೆ ತೆಗೆದುಕೊಂಡು ಮನೆಗೆ ಹೋಗುತ್ತಿದ್ದರು. ನಮ್ಮವನು ಕೆಮ್ಮುವ ಮುದುಕನಂತಿದ್ದ ತನ್ನ ಶ್ರುತಿಪೆಟ್ಟಿಗೆಯನ್ನು ಮುಂದಿಟ್ಟುಕೊಂಡು, "ಸ ಅನ್ರಪ್ಪ" ಎಂದ. ನಾವು ಅಂದೆವು. "ತಪ್ಪು" ಎಂದ. ದಸರಾ ಹೋಯಿತು, ದೀಪಾವಳಿ ಹೋಯಿತು, ನಾವಿನ್ನೂ 'ಸ'ದಲ್ಲೇ ಇದ್ದೆವು.

ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ಕೇಳಿದರು: "ಏನ್ ಮೇಷ್ಟ್ರೇ, ಮಿಕ್ಕ ಆರು ಸ್ವರ ಯಾವಾಗ?"

"ಮೊದಲನೇದು ಬರ್ಲಿ ಸಾರ್, ಅವೇನು ಓಡಿಹೋಗ್ತಾವಾ?"

ಹೆಡ್‌ಮಾಸ್ಟರಿಗೆ ತಕಲಿ ಎಂದರೆ ಪ್ರಾಣ. ಮಕ್ಕಳು ಕೂತು ನೂಲು ತೆಗೆದರೆ ದೇಶಕ್ಕೆ ಬಟ್ಟೆಯಾಗುತ್ತದೆ, 'ಸ' ಅಂದರೆ ಏನಾಗುತ್ತದೆ? ಇನ್‌ಸ್ಪೆಕ್ಟರು ಬರುವವರಿದ್ದಾರೆ, ಸಂಗೀತ ಅವರಿಗೆ ಒಪ್ಪಿಗೆಯಾಗದಿದ್ದರೆ ಆ ಪಿರಿಯಡ್ಡನ್ನು ತಕಲಿಗೆ ಕೊಡುತ್ತೇನೆ ಎಂದುಬಿಟ್ಟರು. ಪಿರಿಯಡ್ ಹೋದರೆ ಮಾವನ ಸಂಗೀತ ಮೇಷ್ಟ್ರಗಿರಿಯೂ ಹೋದಂತೆ. ಅವನಿಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಂತೂ ಮನಸ್ಸಿಲ್ಲದ ಮನಸ್ಸಿನಿಂದ ಒಂದು ಸ್ವಾಗತಗೀತೆ ಕಟ್ಟಿದ. 'ಶ್ರೀಮದ್ ಇನ್‌ಸ್ಪೆಕ್ಟರ್ ಮಹಾಶಯರೇ, ಬನ್ನಿ ಬನ್ನಿ' ಎಂದು ಶುರು. ರಾಗ ಚೆನ್ನಾಗಿತ್ತು, ಸಾಹಿತ್ಯ ದೇವರಿಗೇ ಪ್ರೀತಿ.

ಕಲಿಸೋಣವೆಂದರೆ ಕ್ಲಾಸಿನಲ್ಲಿ ಮಕ್ಕಳಿಲ್ಲ. ನಮ್ಮೂರಲ್ಲಿ ಮನೆಮನೆಗೂ ರೇಷ್ಮೆಹುಳು. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದರೆ ಮುಗಿಯಿತು, ಹಗಲು ರಾತ್ರಿ ಮೇಯುತ್ತದೆ. ಮನೆಯ ಮಕ್ಕಳೆಲ್ಲ ಸ್ಕೂಲು ಬಿಟ್ಟು ಹಿಪ್ಪುನೇರಳೆ ಸೊಪ್ಪು ತರಬೇಕು, ತಟ್ಟೆಗೆ ಹಾಕಬೇಕು. ಖಾಲಿ ಬೆಂಚುಗಳಿಗೆ 'ಸ' ಹೇಳಿಕೊಟ್ಟು ಮಾವನಿಗೆ ಬೇಸರವಾಯಿತು. ಶ್ರುತಿಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೊರಟ.

ಹುಳದ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಸ್ವಂತ ತಮ್ಮನಾದರೂ ನಮ್ಮಮ್ಮ ಹೊಸ್ತಿಲಲ್ಲೇ ತಡೆದಳು.

"ಚಪ್ಪಲಿ ಅಲ್ಲೇ ಬಿಡೋ. ಆ ನಶ್ಯದ ಡಬ್ಬಿನೂ ಜಗಲಿ ಮೇಲಿಡು, ವಾಸನೆಗೇ ಹುಳ ಸಾಯ್ತಾವೆ. ಒಳಗೆ ಬರಬೇಡ. ಜೋರಾಗಿ ಹಾಡಿಸ್ಬೇಡ, ಬೆದರಿದ್ರೆ ಮೇವು ಬಿಡ್ತಾವೆ."

"ಅಕ್ಕ, ಹೆಂಗೆ ಕಲಿಸ್ಲಿ?"

"ಮೆಲ್ಲಗೆ ಕಲಿಸು."

ಕಲಿಸಿದ. ಅವನು ಹೊಸ್ತಿಲಾಚೆ ಬರಿಗಾಲಲ್ಲಿ, ಬಾಗಿಲ ಚೌಕಟ್ಟಿಗೆ ಬೆರಳು ಬಡಿಯುತ್ತಾ. ನಾವು ಒಳಗೆ ಸೊಪ್ಪು ಹರಡುತ್ತಾ, ಉಸಿರಿಗಿಂತ ಒಂದು ಚೂರು ಮೇಲೆ ದನಿ ತೆಗೆದು ಇನ್‌ಸ್ಪೆಕ್ಟರನ್ನು ಸ್ವಾಗತಿಸುತ್ತಾ. ಹುಳುಗಳು ಚರಚರ ಮೇಯುತ್ತಿದ್ದವು. ಮಾವ ಕಿವಿಗೊಟ್ಟು, "ನೋಡ್ರೋ, ಅಷ್ಟು ಹುಳ ಸೇರಿ ಒಂದೇ ಶ್ರುತಿ ಹಿಡಿದಾವೆ, ನೀವು ಇದ್ದೀರಿ ದಂಡಕ್ಕೆ" ಎಂದು ಬೈಯುತ್ತಿದ್ದ. ನನಗಂತೂ ಹುಳುವಿನ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ಹಿಂದಿನ ಬೀದಿಯ ಒಬ್ಬಾಕೆಯ ಹುಳದ ಬೆಳೆ ಹೋಯಿತು. ಆಕೆ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಜಗಳಕ್ಕೆ ಬಂದಳು. "ಅಯ್ಯವಾರು, ಮೀ ಪೆಟ್ಟಿಗೆ ಸದ್ದಿಗೇ ನಮ್ ಹುಳ ಹೋಯ್ತು."

"ನನ್ನ ಪೆಟ್ಟಿಗೆಗಲ್ಲಮ್ಮ" ಎಂದ ಮಾವ ತಣ್ಣಗೆ. "ನಿನ್ನ ಮಗನ ಅಪಶ್ರುತಿಗೆ."

ಆದರೆ ಒಂದು ಮಾತು ಹೇಳಲೇಬೇಕು. ಕಿರುಚಲು ದಾರಿಯಿಲ್ಲದೆ ನಾವು ಕೇಳಿಸಿಕೊಳ್ಳುವುದನ್ನು ಕಲಿತೆವು. ಗೂಡು ಬಿಡಿಸಿ ಮಾರಿ, ಎಲ್ಲರೂ ಸ್ಕೂಲಿಗೆ ವಾಪಸು ಬಂದಾಗ ನಮ್ಮ 'ಸ' ಒಂದಾಗಿತ್ತು. ಮಾವ 'ಸರಿ' ಎಂದನೇ? 'ತಪ್ಪು' ಎನ್ನದೆ ಒಂದು ಚಿಟಿಕೆ ನಶ್ಯ ಏರಿಸಿದ. ಅವನ ಮಟ್ಟಿಗೆ ಅದೇ ದೊಡ್ಡ ಸನ್ಮಾನ.

ಇನ್‌ಸ್ಪೆಕ್ಟರು ಬಂದರು. ಹಾರ ಹಾಕಿಸಿಕೊಂಡು ಕುರ್ಚಿಯಲ್ಲಿ ಕೂತರು. ನಾವು ಎದ್ದು ನಿಂತು ಹಾಡಿದೆವು. ನಮಗೆ ಆ ಹಾಡು ಬರುತ್ತಿದ್ದುದೇ ಹುಳದ ಮನೆಯ ದನಿಯಲ್ಲಿ, ಹಾಗೇ ಹಾಡಿದೆವು. ಮಾವ ಕಣ್ಣು ಮುಚ್ಚಿ, ಮೇಜಿಗೆ ಬೆರಳು ಬಡಿಯುತ್ತಾ ಪರವಶನಾಗಿದ್ದ. ಅವನ ಮುಖ ಅಷ್ಟು ಹಗುರಾಗಿದ್ದುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹಾಡು ಮುಗಿದು ನಾವು ಕೈಕಟ್ಟಿ ನಿಂತೆವು.

ಇನ್‌ಸ್ಪೆಕ್ಟರು ಗಡಿಯಾರ ನೋಡಿಕೊಂಡು, "ಹೂಂ, ಶುರು ಮಾಡ್ಸಿ ಮೇಷ್ಟ್ರೇ" ಎಂದರು.

"ಮುಗೀತು ಸಾರ್."

"ಏನ್ರೀ ಮುಗೀತು? ಒಂದಕ್ಷರ ಕೇಳಿಸ್ಲಿಲ್ಲ. ಧ್ವನಿ ಎಲ್ರೀ?"

"ಧ್ವನಿ ಬೇಕಾದ್ರೆ ಬಸ್ ಸ್ಟ್ಯಾಂಡಲ್ಲಿದೆ ಸಾರ್. ಇಲ್ಲಿರೋದು ಶ್ರುತಿ."

ಮುಂದಿನ ವಾರದಿಂದ ನಾವು ತಕಲಿ ತಿರುಗಿಸಿದೆವು. ಮಾವನನ್ನು ಗೌರಿಬಿದನೂರಿನ ಕಡೆಗೆ ಎತ್ತಿಹಾಕಿ, ಒಂದನೇ ಕ್ಲಾಸಿಗೆ ಮಗ್ಗಿ ಹೇಳಿಸಲು ಬಿಟ್ಟರು. ಅಮ್ಮ ಅತ್ತುಕೊಂಡೇ ಬೈದಳು: "ಸರಿ ಸಾರ್, ಜೋರಾಗಿ ಹಾಡಿಸ್ತೀನಿ ಅಂದಿದ್ರೆ ನಿನ್ ಗಂಟೇನೋ ಹೋಗ್ತಿತ್ತು?"

"ಅವರು ಹೇಳಿದ್ದು ಸರಿಯಿರಲಿಲ್ವಲ್ಲಕ್ಕ" ಎಂದ.

ಶ್ರುತಿಪೆಟ್ಟಿಗೆಯನ್ನು ನಮ್ಮ ಅಟ್ಟದ ಮೇಲಿಟ್ಟು ಹೋದ. ಮತ್ತೆ ಯಾವ ಮಗುವಿಗೂ ಅವನು ಸಂಗೀತ ಹೇಳಿಕೊಡಲಿಲ್ಲ. ರಜಕ್ಕೆ ಬಂದಾಗ ಗೌರಿಬಿದನೂರಿನ ರೈಲಿನ ಕೂಗು ಹೇಗೆ ಶ್ರುತಿ ತಪ್ಪುತ್ತದೆಂದು ವಿವರಿಸುತ್ತಿದ್ದ. ರೈಲ್ವೆಯವರು ಕೈಗೆ ಸಿಕ್ಕಿದ್ದರೆ ಅವರನ್ನೂ ತಿದ್ದುತ್ತಿದ್ದ.

ಆಮೇಲೆ ನನಗೆ ಮದುವೆಯಾಯಿತು, ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಒಂದು ಮಧ್ಯಾಹ್ನ ಮಗಳು ಅಳು ನಿಲ್ಲಿಸಲೊಲ್ಲಳು. ನನಗೆ ಲಾಲಿ ಪದ ಒಂದೂ ಬರುತ್ತಿರಲಿಲ್ಲ. ಪೂರ್ತಿ ಬರುತ್ತಿದ್ದುದು ಒಂದೇ ಹಾಡು. ತೊಟ್ಟಿಲು ತೂಗುತ್ತಾ, ಉಸಿರಿಗಿಂತ ಒಂದು ಚೂರು ಮೇಲೆ ದನಿ ತೆಗೆದು, 'ಶ್ರೀಮದ್ ಇನ್‌ಸ್ಪೆಕ್ಟರ್ ಮಹಾಶಯರೇ, ಬನ್ನಿ ಬನ್ನಿ' ಎಂದು ಹಾಡಿದೆ. ಮಹಾಶಯರು ಬರಲಿಲ್ಲ, ನಿದ್ದೆ ಬಂತು. ಚೌಕಟ್ಟಿನ ಮೇಲೆ ಬೆರಳು ಬಡಿಯುವ ಸದ್ದು ಕೇಳಿ ತಿರುಗಿದೆ.

ಮಾವ ಯಾವಾಗ ಬಂದನೋ. ಚಪ್ಪಲಿ, ನಶ್ಯದ ಡಬ್ಬಿ ಎರಡನ್ನೂ ಜಗಲಿಯಲ್ಲೇ ಬಿಟ್ಟು, ಹೊಸ್ತಿಲಾಚೆ ಬರಿಗಾಲಲ್ಲಿ ನಿಂತಿದ್ದ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಶ್ರುತಿ ಎಲ್ಲಿ ತಪ್ಪಿತೆಂದು ಈಗ ಹೇಳುತ್ತಾನೆ ಎಂದು ಕಾದೆ. ಅವನ ಕಣ್ಣು ತುಂಬಿತ್ತು.

"ಸರಿ ಕಣಮ್ಮ" ಎಂದ ಮಾವ, ಮಗು ಎದ್ದೀತೆಂದು ಹುಳದ ಮನೆಯ ದನಿಯಲ್ಲಿ.